ನಾಲ್ಕು ನೂರು ಬ್ರಷ್ಷು, ಎರಡು ಬಾಯಿ

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ ಸುಧಾ. ಹಲ್ಲುಜ್ಜುವ ಬ್ರಷ್ಷುಗಳು ಮಾತ್ರ ಹತ್ತೊಂಬತ್ತು ಇವೆ. ಹಸಿರು, ಹಳದಿ, ಗುಲಾಬಿ, ಎಲ್ಲದರ ಹಿಡಿಕೆಯ ಮೇಲೂ ನಮ್ಮ ಬ್ಯಾಂಕಿನ ಹೆಸರು ಚಿನ್ನದ ಬಣ್ಣದಲ್ಲಿ ಅಚ್ಚಾಗಿದೆ. ಅವುಗಳಲ್ಲಿ ಒಂದು ಗ್ಯಾಸಿನ ಬರ್ನರ್ ತಿಕ್ಕುತ್ತದೆ, ಒಂದು ಬೈಕಿನ ಚೈನು ತಿಕ್ಕುತ್ತದೆ, ಒಂದು ದೇವರ ಮನೆಯ ಹಿತ್ತಾಳೆ ಗಂಟೆಯ ಸಂದುಗೊಂದುಗಳಿಗೆ ಮೀಸಲು. ತಿಂಗಳಿಗೊಮ್ಮೆ ನನ್ನ ತಲೆಗೆ ಬಣ್ಣ ಹಚ್ಚಿ ನನ್ನನ್ನು ನಲವತ್ತರ ಆಸುಪಾಸಿನಲ್ಲಿ ನಿಲ್ಲಿಸುವುದೂ ಅದರಲ್ಲೊಂದೇ. ಹಲ್ಲಿಗೆ ತಾಗಿದ್ದು ಒಂದೂ ಇಲ್ಲ. ಅವುಗಳ ಎಳೆಗಳು ಎಷ್ಟು ಬಿರುಸೆಂದರೆ ಬಾಯಿಗೆ ಹಾಕಿದರೆ ವಸಡೇ ಕಿತ್ತು ಬಂದೀತು.

ನೀವು ನಗಬಹುದು, ನಾನೂ ನಗುತ್ತೇನೆ. ಆದರೆ ಬೆಳಿಗ್ಗೆ ಮುಖ ತೊಳೆಯಲು ಹೋದಾಗ ಆ ಬ್ರಷ್ಷುಗಳ ಡಬ್ಬಿ ಕಣ್ಣಿಗೆ ಬಿದ್ದರೆ ನನಗೆ ನೆನಪಾಗುವುದು ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುವ ನೀಲವ್ವನ ಬಲಗೆನ್ನೆ. ಅದರ ಒಳಬದಿಯಲ್ಲಿ ಬೆರಳಗಲದ ಒಂದು ಬಿಳಿಯ ಕಲೆ ಇತ್ತು. ಅದನ್ನು ಹಾಗೇ ಬಿಟ್ಟರೆ ಅವಳ ಜೀವಕ್ಕೇ ಕುತ್ತು ಬರಬಹುದು ಎಂದು ಡಾಕ್ಟರು ಹೇಳಿದ್ದರು. ಬ್ರಷ್ಷು ಹಂಚಿದವರು ನಾವು, ಕಲೆ ಹೊತ್ತು ತಿರುಗಿದವಳು ಅವಳು, ಹಲ್ಲಿನ ಬಗ್ಗೆ ಭಾಷಣ ಬಿಗಿದವನು ನಾನು. ವಿಷಯ ಇಷ್ಟೇ. ಆದರೆ ಯಾವುದನ್ನೂ ನೇರವಾಗಿ ಹೇಳಿ ನನಗೆ ಅಭ್ಯಾಸವಿಲ್ಲ. ಸ್ವಲ್ಪ ಸುತ್ತಿ ಬರುತ್ತೇನೆ, ನೀವು ಆರಾಮಾಗಿ ಕುಳಿತುಕೊಳ್ಳಿ.

ಗದಗಿನ ಹತ್ತಿರದ ನಮ್ಮೂರಿನಲ್ಲಿ ಹಲ್ಲುಪುಡಿ ಎಂದರೆ ಶೇಂಗಾ ಸಿಪ್ಪೆ ಸುಟ್ಟ ಬೂದಿ. ಅಜ್ಜಿ ಅದಕ್ಕೆ ಉಪ್ಪು ಬೆರೆಸಿ, ಜರಡಿ ಹಿಡಿದು, ಹಳೆಯ ಚಹಾಪುಡಿ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಮನೆಯ ಮಕ್ಕಳೆಲ್ಲ ಬಚ್ಚಲ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಬೆರಳಿನಿಂದ ಕಪ್ಪಗೆ ತಿಕ್ಕಿ, ಉಗುಳಿ, ಕೊನೆಗೆ ಅಜ್ಜನ ಮುಂದೆ ನಿಂತು ಹಲ್ಲು ಕಿಸಿಯಬೇಕು. ಅಜ್ಜನಿಗೆ ಕಣ್ಣಿಗೆ ಪೊರೆ ಬಂದಿತ್ತು, ಹೀಗಾಗಿ ಎಲ್ಲರೂ ಪಾಸು. ಒಮ್ಮೆ ಅಪ್ಪ ಹುಬ್ಬಳ್ಳಿಯಿಂದ ಪೇಸ್ಟಿನ ಟ್ಯೂಬು ತಂದ. ಅದು ಸಿಹಿಯಾಗಿತ್ತು, ನಾವು ತಿಂದೆವು. ಮುಗಿಯಿತು ಎಂದು ನಾವು ಅಂದ ಮೇಲೂ ಅವ್ವ ಅದನ್ನು ಲಟ್ಟಣಿಗೆಯಿಂದ ಲಟ್ಟಿಸಿ ಎಂಟು ದಿನ ನಡೆಸಿದಳು, ಆಮೇಲೆ ಕತ್ತರಿಯಿಂದ ಸೀಳಿ ಮತ್ತೆ ನಾಲ್ಕು ದಿನ. ಹಾಲುಹಲ್ಲು ಬಿದ್ದಾಗ ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವುದು ನಮ್ಮ ರೂಢಿ. ನಾನು ಎಸೆದ ಉಂಡೆ ಗುರಿ ತಪ್ಪಿ ಪಕ್ಕದ ಮನೆಯವರು ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ನನ್ನ ಮುಂದಿನ ಹಲ್ಲು ಸೊಟ್ಟ ಬಂದದ್ದು ಅದಕ್ಕೇ ಎಂದು ಅಜ್ಜಿ ಸಾಯುವವರೆಗೂ ನಂಬಿದ್ದಳು.

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಹಲ್ಲು ಕೀಳುವವನೊಬ್ಬ ಗೋಣಿತಟ್ಟು ಹಾಸಿ ಕೂರುತ್ತಿದ್ದ. ಇಕ್ಕಳ, ಒಂದು ಬಾಟಲಿ ಕೆಂಪು ನೀರು, ಪಕ್ಕದಲ್ಲಿ ಅಂದಿನವರೆಗೆ ಕಿತ್ತ ಹಲ್ಲುಗಳ ಗುಡ್ಡೆ. ಆ ಗುಡ್ಡೆಯೇ ಅವನ ಜಾಹೀರಾತು. ಅಪ್ಪನ ಕೈಹಿಡಿದು ಅವನ ಮುಂದೆ ಹಾದುಹೋಗುವಾಗ ನಾನು ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದೆ. ಅಂದು ಮುಚ್ಚಿದ ಬಾಯನ್ನು ಮುಂದೆ ಯಾವ ದಂತವೈದ್ಯನ ಎದುರೂ ತೆರೆಯಲಿಲ್ಲ. ದೊಡ್ಡ ಓದು ಓದಿದೆ, ಬ್ಯಾಂಕಿನ ಪರೀಕ್ಷೆ ಪಾಸಾದೆ, ಅಧಿಕಾರಿಯಾದೆ, ಮಹಾರಾಷ್ಟ್ರಕ್ಕೆ ವರ್ಗವಾಗಿ ಬಂದೆ. ಹೆದರಿಕೆ ನನ್ನ ಜೊತೆಗೇ ವರ್ಗವಾಗಿ ಬಂತು.

ಇಲ್ಲಿ ಮೊದಲ ನೇಮಕ ಸಂಭಾಜಿನಗರದಲ್ಲಿ. ಸುಧಾ ಇನ್ನೂ ಊರಲ್ಲಿದ್ದಳು, ನಾನು ಬಾಡಿಗೆ ಕೋಣೆಯಲ್ಲಿ ಒಬ್ಬನೇ. ಸಂಜೆ ಹೊತ್ತು ಹೋಗದಿದ್ದರೆ ಬಸ್ ಸ್ಟ್ಯಾಂಡಿಗೆ ಹೋಗಿ, ಆ ಜಿಲ್ಲೆಯಲ್ಲೇ ಇರುವ ಕನ್ನಡ ಎಂಬ ಹೆಸರಿನ ತಾಲೂಕಿಗೆ, ಕನ್ನಡ ಎಂದೇ ಬೋರ್ಡು ಹಾಕಿಕೊಂಡು ಹೊರಡುವ ಬಸ್ಸನ್ನು ನೋಡಿ ಬರುತ್ತಿದ್ದೆ. ಅಲ್ಲಿ ಮರಾಠಿಯೇ ಮಾತಾಡುತ್ತಾರೆಂದು ಗೊತ್ತಿದ್ದರೂ ಒಂದು ಸಮಾಧಾನ. ಆಗಲೇ ಎಡದವಡೆಯ ಹಲ್ಲು ನೋಯತೊಡಗಿತು. ಡಾಕ್ಟರ ಬಳಿ ಹೋಗುವುದೆಂದರೆ ಗೋಣಿತಟ್ಟು ನೆನಪಾಗುತ್ತಿತ್ತು. ಸಹೋದ್ಯೋಗಿಯೊಬ್ಬರು ಕರುಣೆಯಿಂದ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕಿ, ಧೂಳು ಹಾರಿಸಿ, ಚಿಟಿಕೆಯಷ್ಟನ್ನು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಲು ಹೇಳಿದರು. ನೋವು ಐದು ನಿಮಿಷದಲ್ಲಿ ಹೋಯಿತು. ತಂಬಾಕು ಹದಿನೈದು ವರ್ಷವಾದರೂ ಹೋಗಲಿಲ್ಲ.

ಇದು ಸುಧಾಗೆ ಗೊತ್ತಾಗಬಾರದು ಎಂದು ನಾನು ದಿನಕ್ಕೆ ನಾಲ್ಕು ಸಲ ಹಲ್ಲುಜ್ಜಲು ಶುರುಮಾಡಿದೆ. ಆಫೀಸಿನ ಡ್ರಾವರಿನಲ್ಲೂ ಒಂದು ಬ್ರಷ್ಷು, ಒಂದು ಟ್ಯೂಬು. ಬ್ಯಾಗಿನ ತುಂಬ ಏಲಕ್ಕಿ. ನೋಡಿದವರೆಲ್ಲ ಇಂಥ ಶಿಸ್ತಿನ ಮನುಷ್ಯ ಇಲ್ಲ ಎಂದು ಕೊಂಡಾಡಿದರು. ಸುಧಾ ಅಂತೂ ತನ್ನ ಶಾಲೆಯ ಮಕ್ಕಳಿಗೆ ನನ್ನ ಉದಾಹರಣೆ ಕೊಡುತ್ತಾಳೆಂದು ಕೇಳಿ ನನಗೆ ಎರಡು ದಿನ ಊಟ ಸೇರಲಿಲ್ಲ. ತಂಬಾಕು ಸೇರಿತು.

ನಾಸಿಕಕ್ಕೆ ಬಂದ ಮೇಲೆ ಈ ಗುಟ್ಟಿಗೆ ಒಬ್ಬ ಪಾಲುದಾರ ಸಿಕ್ಕಿದ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ಹದಿನಾಲ್ಕು ಅಂತಸ್ತಿನ ಕಟ್ಟಡ ಏಳುತ್ತಿದೆ. ಅಲ್ಲಿ ಕೆಲಸಕ್ಕಿರುವವರಲ್ಲಿ ಅರ್ಧ ಜನ ನಮ್ಮ ಕಡೆಯವರು, ಯಾದಗಿರಿ, ಕಲಬುರಗಿಯಿಂದ ಬಂದವರು. ಕಾವಲುಗಾರ ಶರಣಪ್ಪ ಅವರಲ್ಲೊಬ್ಬ. ಬೆಳಿಗ್ಗೆ ನಾನು ಬೈಕು ತೆಗೆಯಲು ಕೆಳಗಿಳಿದಾಗ ಅವನು ಅಂಗೈಯಲ್ಲಿ ತಿಕ್ಕಿದ ತಂಬಾಕನ್ನು ಎರಡು ಪಾಲು ಮಾಡುತ್ತಿದ್ದ. ಅವನು ನನಗೆ ಸಾಹೇಬ್ರ ಅನ್ನುತ್ತಾನೆ, ನಾನು ಅವನಿಗೆ ಶರಣಪ್ಪಾ ಅನ್ನುತ್ತೇನೆ, ಆದರೆ ಆ ಐದು ನಿಮಿಷ ನಮ್ಮಿಬ್ಬರಲ್ಲಿ ಯಾವ ಮೇಲುಕೀಳೂ ಇರುತ್ತಿರಲಿಲ್ಲ.

ಅವನ ಹೆಂಡತಿಯೇ ನೀಲವ್ವ. ಹಗಲು ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಾಳೆ, ಅದಕ್ಕೂ ಮೊದಲು ಬೆಳಿಗ್ಗೆ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಸುಧಾಳ ರೊಟ್ಟಿಗೆ ಅಂಚು ಒಡೆಯುತ್ತದೆ, ನೀಲವ್ವನ ರೊಟ್ಟಿ ಪೂರ್ಣಚಂದ್ರ. ನಲವತ್ತು ದಾಟಿದ, ಮಾತು ಕಡಿಮೆಯ ಹೆಣ್ಣುಮಗಳು. ಅವಳಿಗೆ ಮರಾಠಿ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ತಿಳಿದಿದ್ದೆ ಅಷ್ಟೆ, ಕೇಳಿರಲಿಲ್ಲ.

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ಶಾಖೆಯೂ ಜನರಲ್ಲಿ ಬಾಯಿಯ ಆರೋಗ್ಯದ ಬಗ್ಗೆ ಜಾಗೃತಿ ಮೂಡಿಸಬೇಕು ಮತ್ತು ಮೂಡಿದ ಜಾಗೃತಿಯ ಫೋಟೋಗಳನ್ನು ಅದೇ ದಿನ ಸಂಜೆ ಐದರೊಳಗೆ ಕಳಿಸಬೇಕು. ನಮ್ಮ ಮ್ಯಾನೇಜರರು ಹತ್ತಿರದ ಕಟ್ಟಡವನ್ನೇ ಆರಿಸಿದರು. ಕೂಲಿಗಳಿಗೆ ಕನ್ನಡದಲ್ಲಿ ಹೇಳುವವರು ಬೇಕಲ್ಲ, ದಿನಕ್ಕೆ ನಾಲ್ಕು ಸಲ ಹಲ್ಲುಜ್ಜುವವರಿಗಿಂತ ಯೋಗ್ಯರು ಇನ್ಯಾರು ಎಂದು ಎಲ್ಲರೂ ನನ್ನತ್ತ ತಿರುಗಿದರು. ನಾಲ್ಕು ನೂರು ಬ್ರಷ್ಷು ಬಂದವು, ನಾಲ್ಕು ನೂರು ಪುಟ್ಟ ಪೇಸ್ಟು ಬಂದವು, ಮುತ್ತಿನಂಥ ಹಲ್ಲಿನ ವಿದೇಶಿ ಕುಟುಂಬವೊಂದು ನಗುತ್ತಿರುವ ಬ್ಯಾನರು ಬಂತು. ಮುಖ್ಯ ಅತಿಥಿಗಳ ಬಾಯಿಯಲ್ಲಿ ಬೀಡಾ ಇದ್ದುದರಿಂದ ಅವರು ಮಾತಿಲ್ಲದೆ ದೀಪ ಬೆಳಗಿಸಿ, ಕೈಮುಗಿದು, ಬ್ಯಾನರಿನ ಹಿಂದೆ ಹೋಗಿ ಉಗುಳಿ ಬಂದರು. ಕೊನೆಗೆ ಎಲ್ಲರಿಗೂ ಜಿಲೇಬಿ ಹಂಚುವ ಏರ್ಪಾಡಿತ್ತು, ಹಲ್ಲಿನ ಶಿಬಿರವಾದರೂ ಸಮಾರಂಭ ಸಮಾರಂಭವೇ ತಾನೆ.

ನಾನು ಭಾಷಣಕ್ಕೆ ನಿಂತೆ. ಧೈರ್ಯಕ್ಕೆಂದು ಆಗಷ್ಟೇ ಒಂದು ಚಿಟಿಕೆ ಎಡಗೆನ್ನೆಯಲ್ಲಿ ಇಟ್ಟುಕೊಂಡಿದ್ದೆ. ಅದು ಜಾರಬಾರದಲ್ಲ, ಹೀಗಾಗಿ ತುಟಿ ಹೆಚ್ಚು ಅಲುಗಿಸದೆ, ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಿದೆ. ತಂಬಾಕು ವಿಷ. ಮಿಶ್ರಿ ಅದರ ಅಕ್ಕ. ಎರಡನ್ನೂ ಬಿಡಬೇಕು. ಮಾತು ಬಹಳ ಗಂಭೀರವಾಗಿತ್ತು ಎಂದು ಮ್ಯಾನೇಜರರು ಆಮೇಲೆ ಬೆನ್ನು ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತ ಶರಣಪ್ಪ ಮಾತ್ರ ಉದ್ದಕ್ಕೂ ನಗುತ್ತಿದ್ದ. ನನ್ನ ಬಾಯಿಯಲ್ಲಿದ್ದ ಮಾಲು ಅವನದೇ ಆಗಿತ್ತು.

ಮಿಶ್ರಿ ಎಂದರೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತಂಬಾಕನ್ನು ಹಂಚಿನ ಮೇಲೆ ಕರ‍್ರಗೆ ಹುರಿದು ಪುಡಿ ಮಾಡಿದ್ದು. ಹುರಿಯುವಾಗ ಓಣಿಯೆಲ್ಲ ಸೀನುತ್ತದೆ. ಹೆಂಗಸರು ಅದನ್ನು ಹಲ್ಲುಪುಡಿ ಎಂದೇ ತಿಳಿದು ಬೆಳಿಗ್ಗೆ ಬೆರಳಿನಿಂದ ತಿಕ್ಕುತ್ತಾರೆ, ತಿಕ್ಕುತ್ತ ಕೂರುತ್ತಾರೆ. ಇಡೀ ದಿನದಲ್ಲಿ ಅವರು ಸುಮ್ಮನೆ ಕೂರುವುದು ಆ ಕಾಲು ಗಂಟೆ ಮಾತ್ರ. ಆಗ ಸೊಸೆಯಂದಿರು ಅತ್ತೆಯರ ಸುದ್ದಿ ಹೇಳುತ್ತಾರೆ, ಬಂದ ನೆಂಟರಿಗೆ ಚಹಾಕ್ಕಿಂತ ಮೊದಲು ಮಿಶ್ರಿಯ ಡಬ್ಬಿ ಹೋಗುತ್ತದೆ. ನೀಲವ್ವನಿಗೂ ಅದು ಶುರುವಾದದ್ದು ಹಲ್ಲುನೋವಿನಿಂದ, ಚೊಚ್ಚಲ ಬಾಣಂತನದಲ್ಲಿ, ಅತ್ತೆಯ ಕೈಯಿಂದ. ನನ್ನ ಕತೆಯೂ ಬೇರೆಯಲ್ಲ, ಅತ್ತೆಯ ಬದಲು ಸಹೋದ್ಯೋಗಿ ಅಷ್ಟೆ.

ಒಂದು ವಾರದ ನಂತರ ಪರಿಣಾಮದ ಫೋಟೋ ಬೇಕು ಎಂದು ಮತ್ತೊಂದು ಸುತ್ತೋಲೆ ಬಂತು. ಬೆಳಿಗ್ಗೆ ಕೂಲಿಗಳ ತಗಡಿನ ಶೆಡ್ಡುಗಳ ಬಳಿ ಹೋದೆ. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ನಲ್ಲಿಯ ಸುತ್ತ ಹೆಂಗಸರೆಲ್ಲ ಸಾಲಾಗಿ ಕುಳಿತು ನಮ್ಮ ಬ್ಯಾಂಕಿನ ಬ್ರಷ್ಷಿನಿಂದ ಹಲ್ಲುಜ್ಜುತ್ತಿದ್ದರು. ಎದೆಯುಬ್ಬಿ ನಾಲ್ಕು ಫೋಟೋ ತೆಗೆದೆ. ಐದನೆಯದಕ್ಕೆ ಹತ್ತಿರ ಹೋದಾಗ ನೊರೆ ಕಪ್ಪಗಿದೆ ಅನ್ನಿಸಿತು. ಬ್ರಷ್ಷಿಗೆ ಹಚ್ಚಿದ್ದು ಮಿಶ್ರಿ. ಬೆರಳು ಹೋಗದ ಕಡೆಗೂ ಈ ಬ್ರಷ್ಷು ಹೋಗುತ್ತದೆ, ಮಿಶ್ರಿ ಚೆನ್ನಾಗಿ ಹತ್ತುತ್ತದೆ, ಸಾಹೇಬರು ಒಳ್ಳೆಯ ಸಾಮಾನು ಕೊಟ್ಟರು ಎಂದು ಹಿರಿಯಳೊಬ್ಬಳು ನನ್ನನ್ನು ಹರಸಿದಳು. ಪೇಸ್ಟನ್ನು ಮಕ್ಕಳು ತಿಂದಿದ್ದವು. ಗಂಡಸರ ಪಾಲಿನ ಬ್ರಷ್ಷುಗಳು ಮೂರನೇ ಅಂತಸ್ತಿಗೆ ಹೋಗಿ ಟೈಲ್ಸಿನ ಸಂದಿಯ ಸಿಮೆಂಟು ಉಜ್ಜುತ್ತಿದ್ದವು. ಕೆಲಸ ಬಹಳ ನೀಟಾಗಿ ಬಂದಿದೆ, ಇನ್ನೊಂದು ನೂರು ಸಿಗಬಹುದೇ ಎಂದು ಗುತ್ತಿಗೆದಾರರು ಕೇಳಿದರು. ನಾನು ಫೋಟೋಗಳನ್ನು ಕಪ್ಪು ಬಿಳುಪಿನಲ್ಲಿ ಕಳಿಸಿದೆ. ಕಲಾತ್ಮಕವಾಗಿವೆ ಎಂದು ಮೇಲಿನವರು ಮೆಚ್ಚಿದರು.

ಶಿಬಿರದ ದಿನ ತಪಾಸಣೆಯೂ ಆಗಿತ್ತು ಎನ್ನಿ. ಬಂದಿದ್ದ ಡಾಕ್ಟರು ಹುಡುಗವಯಸ್ಸಿನವರು, ಒಳ್ಳೆಯವರು. ಆದರೆ ನಮ್ಮ ಹೆಂಗಸರು ಹಿರಿಯರ ಎದುರು ನಗುವಾಗಲೂ ಸೆರಗು ಅಡ್ಡ ಹಿಡಿಯುವವರು, ಪರಪುರುಷನ ಮುಂದೆ ಬಾಯಿ ಕಳೆಯುತ್ತಾರೆಯೇ? ಸೆರಗಿನ ಮರೆಯಿಂದ ಮುಂದಿನ ಎರಡು ಹಲ್ಲು ಕಾಣಿಸಿ ಎದ್ದು ಹೋದರು. ಎಲ್ಲರ ಹೆಸರಿನ ಮುಂದೆಯೂ ಚೆನ್ನಾಗಿದೆ ಎಂದು ಬರೆಯಲಾಯಿತು. ನೀಲವ್ವನ ಹೆಸರಿನ ಮುಂದೆಯೂ.

ಅದು ಚೆನ್ನಾಗಿಲ್ಲ ಎಂದು ಕಂಡುಹಿಡಿದದ್ದು ಸುಧಾ. ನೀಲವ್ವ ನಮ್ಮ ಅಡುಗೆಮನೆಯಲ್ಲಿ ತಾನು ಬಡಿದ ರೊಟ್ಟಿಯನ್ನೇ ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಕೆಂಪು ಖಾರ ಹಾಕಲೇ ಎಂದರೆ ತಲೆ ಅಲ್ಲಾಡಿಸುತ್ತಿದ್ದಳು. ಯಾದಗಿರಿಯ ಹೆಣ್ಣುಮಗಳು ಖಾರ ಒಲ್ಲೆ ಎಂದರೆ ಏನೋ ಆಗಿದೆ ಎಂದೇ ಅರ್ಥ. ಸುಧಾ ಬಾಗಿಲು ಹಾಕಿ, ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಮಕ್ಕಳಿಗೆ ಹೇಳುವಂತೆ ‘ಆ’ ಅನ್ನು ಎಂದು ಹೇಳಿ ನೋಡಿದಳು. ಆಮೇಲೆ ನನ್ನನ್ನು ಕರೆದಳು, ಆ ಡಾಕ್ಟರನ್ನೂ ಕರೆಸಿದಳು. ಸುಧಾ ಪಕ್ಕದಲ್ಲಿದ್ದಾಳೆಂದು ನೀಲವ್ವ ಸೆರಗಿನ ಮರೆಯಲ್ಲೇ ಆ ಗೆನ್ನೆಯಷ್ಟನ್ನು ತೋರಿಸಿದಳು. ಡಾಕ್ಟರು ಕಲೆ ನೋಡಿದ ಮೇಲೆ ನಗುವುದನ್ನು ನಿಲ್ಲಿಸಿದರು. ಸಂಭಾಜಿನಗರದ ಸರಕಾರಿ ದಂತ ಆಸ್ಪತ್ರೆಯಲ್ಲಿ ತಮಗೆ ಪಾಠ ಹೇಳಿದ ಮೇಡಮ್ ಇದ್ದಾರೆ, ಒಂದು ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ, ತಡ ಮಾಡಬಾರದು ಎಂದು ಚೀಟಿ ಬರೆದುಕೊಟ್ಟರು. ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದರು.

ನೀಲವ್ವ ಒಪ್ಪಲಿಲ್ಲ. ಚೂರು ತೆಗೆದರೆ ಅದು ಕೆರಳುತ್ತದೆ ಎಂದಳು. ಕೆಲಸ ತಪ್ಪುತ್ತದೆ ಎಂದಳು. ಶರಣಪ್ಪನಿಗೆ ಕಾವಲು ಬಿಟ್ಟು ಬರಲಾಗುವುದಿಲ್ಲ, ಸುಧಾಗೆ ಪರೀಕ್ಷೆಯ ದಿನಗಳು. ಮರಾಠಿಯಲ್ಲಿ ಮಾತಾಡಲು ನಾನಿದ್ದೇನಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಉದಾರವಾಗಿ ಹೇಳಿದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಮೊದಲ ಬಾರಿಗೆ ನನ್ನ ಮುಖ ನೋಡಿದಳು.

"ನೀವೂ ಅಲ್ಲಿ ಬಾಯಿ ತಗದು ತೋರಸ್ತೀನಂದ್ರ ಬರ್ತೀನ್ರಿ ಸಾಹೇಬ್ರ. ಇಲ್ಲಂದ್ರ ಒಲ್ಲೆ."

ಅವಳ ಗಂಡನ ತಂಬಾಕು ಯಾರ ಗೆನ್ನೆಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸುಧಾಗೆ ಗೊತ್ತಿರಲಿಲ್ಲ, ಹಾಗೆಂದು ನಾನು ನಂಬಿದ್ದೆ. ಅವಳು ನಕ್ಕು, ಇವರ ಬಾಯಿ ಕನ್ನಡಿ ಇದ್ದ ಹಾಗೆ ಇದೆ, ಅದಕ್ಕೇನಂತೆ, ತೋರಿಸುತ್ತಾರೆ ಎಂದುಬಿಟ್ಟಳು. ಬ್ಯಾಂಕಿನಲ್ಲಿ ಎಷ್ಟೋ ಕರಾರುಗಳಿಗೆ ಸಾಕ್ಷಿ ಹಾಕಿದ್ದೇನೆ, ಇಂಥ ಕರಾರಿನಲ್ಲಿ ಸಿಕ್ಕಿಬಿದ್ದದ್ದು ಅದೇ ಮೊದಲು.

ಎಸ್‌ಟಿ ಎಂಬ ಇಲ್ಲಿನ ಸರಕಾರಿ ಬಸ್ಸಿನಲ್ಲಿ ಹೊರಟೆವು. ಅವಳು ಕಿಟಕಿಯ ಪಕ್ಕ, ನಾನು ಎರಡು ಸೀಟು ಹಿಂದೆ. ವೈಜಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅವಳು ಇಳಿಯಲಿಲ್ಲ. ನಾನು ಇಳಿದು ಗೂಡಂಗಡಿಯ ಹಿಂದೆ ಹೋಗಿ ಒಂದು ಚಿಟಿಕೆ ಇಟ್ಟುಕೊಂಡು, ಉಗುಳಿ, ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು, ಬ್ಯಾಗಿನಿಂದ ಬ್ರಷ್ಷು ತೆಗೆದು ಹಲ್ಲುಜ್ಜಿದೆ. ಬಸ್ಸಿನವರೆಲ್ಲ ನೋಡುತ್ತಿದ್ದರು. ಕಿಟಕಿಯಿಂದ ಅವಳೂ ನೋಡುತ್ತಿದ್ದಳು.

ಆಸ್ಪತ್ರೆಯ ಮೇಡಮ್ ಐವತ್ತು ದಾಟಿದ ಶಾಂತ ಹೆಂಗಸು. ಹೆಣ್ಣಾದ್ದರಿಂದ ನೀಲವ್ವ ಸೆರಗು ಸರಿಸಿ ಪೂರಾ ಬಾಯಿ ತೆರೆದಳು. ಮೇಡಮ್ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ: ಮಿಶ್ರಿ ಇವತ್ತೇ ನಿಲ್ಲಬೇಕು, ಚೂರು ತೆಗೆಯುತ್ತೇವೆ, ವಾರದಲ್ಲಿ ತಿಳಿಯುತ್ತದೆ. ಚೂರು ತೆಗೆಯುವಾಗ ಅವಳು ಕುರ್ಚಿಯ ಹಿಡಿಕೆ ಬಿಗಿಹಿಡಿದಳು. ಆಮೇಲೆ ಗೆನ್ನೆಗೆ ಹತ್ತಿ ಒತ್ತಿಕೊಂಡು, ಕಣ್ಣಿನಿಂದಲೇ ನನಗೆ ಕುರ್ಚಿ ತೋರಿಸಿದಳು.

ಗೋಣಿತಟ್ಟಿನ ಮುಂದೆ ಹಾದುಹೋಗುವ ಹುಡುಗನಂತೆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡೇ ಕುರ್ಚಿಯತ್ತ ಹೋದೆ. ಕುಳಿತೆ. ಮೇಡಮ್ ಎಡಗೆನ್ನೆಯನ್ನು ಪಕ್ಕಕ್ಕೆ ಎಳೆದು ಹಿಡಿದು ಬಹಳ ಹೊತ್ತು ನೋಡಿದರು. ಎಷ್ಟು ವರ್ಷದಿಂದ ಎಂದು ಕೇಳಿದರು. ಹದಿನೈದು ಎಂದೆ. ಇಲ್ಲೂ ಕಲೆ ಇದೆ, ತಂಬಾಕು ಪೂರ್ತಿ ಬಿಡಿ, ಮೂರು ತಿಂಗಳಲ್ಲಿ ಮಾಯದಿದ್ದರೆ ನಿಮ್ಮದೂ ಚೂರು ತೆಗೆಯಬೇಕು ಎಂದು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು.

ಹೊರಗೆ ಬಂದಾಗ ನೀಲವ್ವ ಏನಂದ್ರುರಿ ನಿಮಗ ಎಂದು ಕೇಳಿದಳು. ನನಗೇನೂ ಇಲ್ಲ, ಎಲ್ಲ ಆರಾಮ ಇದೆ ಅಂದರು ಎಂದು ನಾನು ತಿರುಗಿಸಿ ಹೇಳಿದೆ. ನನ್ನ ಬದುಕಿನಲ್ಲಿ ಅಷ್ಟು ಸ್ವತಂತ್ರವಾದ ಅನುವಾದವನ್ನು ಮತ್ತೆ ಮಾಡಿಲ್ಲ. ಅವಳು ಹೌದೇನ್ರಿ ಎಂದಷ್ಟೇ ಅಂದಳು.

ವಾರದ ಮೇಲೆ ಫೋನು ಬಂತು. ನೀಲವ್ವನದು ಇನ್ನೂ ಕೆಟ್ಟದ್ದಕ್ಕೆ ತಿರುಗಿಲ್ಲ, ಆದರೆ ತಿರುಗುವ ಹಾದಿಯಲ್ಲಿದೆ, ಮಿಶ್ರಿ ಬಿಟ್ಟರೆ ಉಳಿಯುತ್ತಾಳೆ. ಶರಣಪ್ಪ ಸುದ್ದಿ ಕೇಳಿ ನಮ್ಮ ಮೆಟ್ಟಿಲ ಮೇಲೆ ಕುಳಿತು ಅತ್ತ. ಅವನಿಗೆ ಹೆಂಡತಿಯ ಮೇಲೆ ಇಷ್ಟು ಪ್ರೀತಿಯಿದೆ ಎಂದು ನನಗೆ ಅಂದೇ ತಿಳಿದದ್ದು. ಮರುದಿನದಿಂದ ಅವನು ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. ನಾನು ಅಂಗಡಿಯಿಂದ ಸ್ವಂತದ ಪೊಟ್ಟಣ ಕೊಳ್ಳತೊಡಗಿದೆ.

ನೀಲವ್ವನ ಆ ತಿಂಗಳುಗಳು ನೋಡುವಂತಿರಲಿಲ್ಲ. ಮೊದಲ ವಾರ ತಲೆ ಸಿಡಿಯುತ್ತದೆ ಎಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಇಟ್ಟಿಗೆ ಹೊತ್ತಳು. ಮಿಶ್ರಿ ಇಲ್ಲದೆ ಬೆಳಿಗ್ಗೆ ಹೊಟ್ಟೆ ಸಾಫಾಗುವುದಿಲ್ಲ ಎಂದು ಸುಧಾಳ ಕಿವಿಯಲ್ಲಿ ಹೇಳಿ ಕಣ್ಣೀರು ಹಾಕಿದಳು. ನಲ್ಲಿಯ ಬಳಿ ಹೆಂಗಸರು ಕರೆದರೆ ದೂರದಲ್ಲಿ ಒಬ್ಬಳೇ ಕೂರುತ್ತಿದ್ದಳು, ಸಾಹೇಬರ ಮನೆಯ ಗಾಳಿ ಹತ್ತಿತು ಎಂದು ಅವರು ಆಡಿಕೊಂಡರು. ಸುಧಾ ಬಾಯಾಡಿಸಲು ಹುರಿದ ಬಡೇಸೋಪು ಕಟ್ಟಿಕೊಟ್ಟಳು. ಬೆರಳಿನಷ್ಟು ಮೃದುವಾದ ಬ್ರಷ್ಷನ್ನು ಹುಡುಕಿ ತಂದು, ಹೇಗೆ ಹಿಡಿಯಬೇಕೆಂದು ತಾನೇ ತೋರಿಸಿದಳು. ಭಾಷಣವಿಲ್ಲ, ಬ್ಯಾನರಿಲ್ಲ, ಫೋಟೋ ಇಲ್ಲ. ಜಾಗೃತಿ ಎಂಬುದು ಒಂದು ಮನೆಯ ಅಡುಗೆಮನೆಯಲ್ಲಿ, ಒಬ್ಬ ಹೆಂಗಸಿನಿಂದ ಇನ್ನೊಬ್ಬ ಹೆಂಗಸಿಗೆ ಸದ್ದಿಲ್ಲದೆ ದಾಟುತ್ತಿತ್ತು. ನಾನು ಪಕ್ಕದ ಕೋಣೆಯಲ್ಲಿ ಗೆನ್ನೆ ಉಬ್ಬಿಸಿಕೊಂಡು, ಭೇಷ್ ನೀಲವ್ವ, ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ ಎಂದು ಹುರಿದುಂಬಿಸುತ್ತಿದ್ದೆ.

ನಾನು ಬಿಡಲು ಪ್ರಯತ್ನಿಸಲೇ ಇಲ್ಲ ಎಂದು ತಿಳಿಯಬೇಡಿ. ಹಲವು ಸೋಮವಾರಗಳಂದು ಬಿಟ್ಟಿದ್ದೇನೆ. ತ್ರ್ಯಂಬಕೇಶ್ವರಕ್ಕೆ ಹೋಗಿ ದೇವರ ಎದುರು ಪ್ರತಿಜ್ಞೆ ಮಾಡಿ, ಮರಳಿ ಬರುವ ಜೀಪಿನಲ್ಲೇ ಮುರಿದಿದ್ದೇನೆ. ಕನ್ನಡಿಯ ಮುಂದೆ ಗೆನ್ನೆ ಎಳೆದು ನೋಡಿಕೊಂಡು, ಇವತ್ತು ಕಲೆ ಸ್ವಲ್ಪ ಕಡಿಮೆಯಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನ್ನ ಅಜ್ಜನ ಕಣ್ಣಿನ ಪೊರೆ ನನಗೂ ಬಂದಿತ್ತು ಅನ್ನಿಸುತ್ತದೆ.

ಮೂರು ತಿಂಗಳು ತುಂಬಿದಾಗ ಮತ್ತೆ ಅದೇ ಬಸ್ಸು, ಅದೇ ಆಸ್ಪತ್ರೆ. ಮೇಡಮ್ ನೀಲವ್ವನ ಗೆನ್ನೆ ನೋಡಿ ಬೆನ್ನು ತಟ್ಟಿದರು. ಕಲೆ ಬಹುತೇಕ ಅಳಿಸಿಹೋಗಿತ್ತು. ನಾನು ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಅವಳ ಕಣ್ಣು ತುಂಬಿದ್ದವು, ಅದರ ಕಾರಣ ಆಗ ನನಗೆ ಹೊಳೆಯಲಿಲ್ಲ. ಆಮೇಲೆ ನಾನು ಕುರ್ಚಿಯಲ್ಲಿ ಕುಳಿತೆ. ಮೇಡಮ್ ದೀಪ ಹಿಡಿದು ನೋಡಿದರು, ಹುಬ್ಬು ಗಂಟಿಕ್ಕಿದರು. ತಂಬಾಕು ಬಿಟ್ಟಿರಾ ಎಂದು ಕೇಳಿದರು. ಹೋ, ಸೋಡ್ಲೀ ಎಂದೆ, ಬಿಟ್ಟೆ ಎಂದು, ಬ್ಯಾಂಕಿನ ಅಧಿಕಾರಿಗೆ ಒಪ್ಪುವ ಶುದ್ಧ ಮರಾಠಿಯಲ್ಲಿ.

ಹಿಂದಿನಿಂದ ನೀಲವ್ವನ ದನಿ ಬಂತು.

"ನಾಹೀ ಮ್ಯಾಡಮ್. ಸಾಹೇಬ್ ಖೋಟಂ ಬೋಲತಾತ್. ರೋಜ್ ಖಾತಾತ್."

ಸಾಹೇಬರು ಸುಳ್ಳು ಹೇಳುತ್ತಾರೆ, ದಿನಾ ತಿನ್ನುತ್ತಾರೆ. ಆ ಮರಾಠಿ ನನ್ನದಕ್ಕಿಂತ ಸಲೀಸಾಗಿತ್ತು. ಹನ್ನೆರಡು ವರ್ಷದಿಂದ ಈ ಸೀಮೆಯ ಕಟ್ಟಡಗಳಲ್ಲಿ ದುಡಿದವಳ ಮರಾಠಿ. ಅಂದರೆ ಮೊದಲ ದಿನ ಮೇಡಮ್ ನನಗೆ ಹೇಳಿದ್ದು, ನಾನು ಅದನ್ನು ತಿರುಗಿಸಿದ್ದು, ಎರಡೂ ಅವಳ ಕಿವಿಗೆ ಬಿದ್ದಿದ್ದವು. ಮೂರು ತಿಂಗಳು ನನ್ನ ಉಪದೇಶವನ್ನೂ ಅವಳು ಕೇಳಿಕೊಂಡಿದ್ದಳು, ರೊಟ್ಟಿ ಬಡಿಯುತ್ತ. ಮೇಡಮ್ ಸೂಜಿ ತರಿಸಿದರು. ನನ್ನ ಗೆನ್ನೆಯಿಂದಲೂ ಒಂದು ಚೂರು ತೆಗೆದರು.

ಹೊರಗೆ ಬೆಂಚಿನ ಮೇಲೆ ಗೆನ್ನೆಗೆ ಹತ್ತಿ ಒತ್ತಿಕೊಂಡು ಕುಳಿತೆ. ನೋವಿಗಿಂತ ಅವಮಾನ ಹೆಚ್ಚಾಗಿತ್ತು. ಮರಾಠಿ ಬರುತ್ತದೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ತೊದಲುತ್ತ ರೇಗಿದೆ.

"ಬರ್ತದ ಅಂದಿದ್ರ ನನ್ನ ಒಬ್ಬಾಕೀನ ಕಳಸ್ತಿದ್ರಿ," ಎಂದಳು ಅವಳು. "ಒಬ್ಬಾಕೀನ ಬಂದಿದ್ರ ಆ ಬಾಗಿಲದಾಗಿಂದ ತಿರುಗಿ ಹೋಗ್ತಿದ್ನಿರಿ. ನನಗ ಮಾತಾಡ್ಲಾಕ ಮಂದಿ ಬೇಕಿರಲಿಲ್ಲ. ಬಾಜೂಕ ಕುಂದ್ರಾಕ ಬೇಕಿತ್ತು."

ಆಮೇಲೆ ಕೈ ಚಾಚಿದಳು. ಇಟ್ಟಿಗೆ ಹೊತ್ತು ಒರಟಾದ ಅಂಗೈ. ನಾನು ಜೇಬಿನಿಂದ ಪೊಟ್ಟಣ ತೆಗೆದು ಅದರಲ್ಲಿಟ್ಟೆ. ಅವಳು ಎದ್ದುಹೋಗಿ ಕಸದ ಡಬ್ಬಿಗೆ ಹಾಕಿ ಬಂದು ಮತ್ತೆ ಪಕ್ಕದಲ್ಲಿ ಕುಳಿತಳು.

ಅಂದು ಸಂಜೆ ಸುಧಾಗೆ ಎಲ್ಲವನ್ನೂ ನಾನೇ ಹೇಳಿದೆ. ನಾಲ್ಕು ಸಲ ಹಲ್ಲುಜ್ಜುವ ಗಂಡ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಎಂದೋ ಅನ್ನಿಸಿತ್ತಂತೆ, ಹೆದರಿ ಕೇಳಿರಲಿಲ್ಲವಂತೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇವತ್ತಿಗೆ ಆರು ದಿನವಾಯಿತು, ಬಾಯಿಗೆ ತಂಬಾಕು ಹಾಕಿಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆಯ ವಿಷಯ ಹೇಳುವುದು ಬೇಡ. ನನ್ನ ವರದಿ ಬಂದಿದೆ, ನಾಳೆ ಬನ್ನಿ, ಎದುರಿಗೇ ಹೇಳುತ್ತೇನೆ ಎಂದು ಮೇಡಮ್ ಫೋನಿನಲ್ಲಿ ಹೇಳಿದ್ದಾರೆ. ಅವರು ಫೋನಿನಲ್ಲೇ ಯಾಕೆ ಹೇಳಲಿಲ್ಲ ಎಂದು ಲೆಕ್ಕ ಹಾಕುತ್ತ ಕುಳಿತಿದ್ದೇನೆ. ನನಗೆ ಬಹಳ ಹೆದರಿಕೆಯಾಗಿದೆ. ಸುಧಾ ರಜೆ ಹಾಕಿದ್ದಾಳೆ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ನೀಲವ್ವ, ನಾಳೆ ಕೆಲಸಕ್ಕೆ ಹೋಗುವುದಿಲ್ಲ, ನಾನೂ ಬರುತ್ತೇನೆ ಎಂದಳು. ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೂ ಬೇಡ ಎನ್ನಲಿಲ್ಲ.